ಕರುಳಿನ ಗೋಡೆಯನ್ನು ಓದುವ ಕಣ್ಣು

(ಆರೋಗ್ಯ ಮಾಹಿತಿ ಸಭೆಯೊಂದರಲ್ಲಿ ಉದರ ರೋಗ ತಜ್ಞರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭೆಯಲ್ಲಿ ಮಾತನಾಡಲು ನನಗೆ ಕೊಟ್ಟಿರುವ ವಿಷಯ ದೊಡ್ಡ ಕರುಳಿನ ಕ್ಯಾನ್ಸರ್. ವಿಷಯ ವಿಶಾಲವಾದುದು. ಅದರ ಔಷಧ, ಶಸ್ತ್ರಚಿಕಿತ್ಸೆಗಳ ಕುರಿತು ಹೇಳಹೊರಟರೆ ರಾತ್ರಿಯಾದೀತು. ಆದ್ದರಿಂದ ಕ್ಯಾನ್ಸರ್‌ಗಿಂತ ಮೊದಲಿನ ಒಂದು ಹಂತವನ್ನಷ್ಟೇ ನಾನು ಆರಿಸಿಕೊಂಡಿದ್ದೇನೆ. ಕ್ಯಾನ್ಸರ್ ಆಗುವುದಕ್ಕೆ ಎಷ್ಟೋ ವರ್ಷ ಮೊದಲು ಕರುಳಿನ ಒಳಗೋಡೆಯಲ್ಲಿ ಒಂದು ಸಣ್ಣ ಗಂಟು ಹುಟ್ಟಿಕೊಳ್ಳುತ್ತದೆ. ವೈದ್ಯರು ಅದನ್ನು ಪಾಲಿಪ್ ಎನ್ನುತ್ತಾರೆ. ಕೊಲೊನೊಸ್ಕೋಪಿ ಮಾಡುವ ವೈದ್ಯರಿಗೆ ಆ ಗಂಟು ಕಂಡಾಗ, ಇದು ನಿರುಪದ್ರವಿಯೇ, ಮುಂದೆ ಕ್ಯಾನ್ಸರ್ ಆಗಬಲ್ಲುದೇ, ಅಥವಾ ಈಗಾಗಲೇ ಆಗಿದೆಯೇ ಎಂಬುದನ್ನು ಅದರ ರೂಪ ನೋಡಿಯೇ ಅವರು ಹೇಗೆ ಅಂದಾಜಿಸುತ್ತಾರೆ ಎಂಬುದು ನನ್ನ ಮಾತಿನ ವಿಷಯ.

ಇದು ವೈದ್ಯರ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಈ ನೋಟ ಸರಿಯಾಗಿ ನಡೆಯುವುದು ವೈದ್ಯರ ಕಣ್ಣಿನಿಂದ ಮಾತ್ರವಲ್ಲ. ರೋಗಿಯ ಸಿದ್ಧತೆ ಇಲ್ಲದೆ ಜಗತ್ತಿನ ಅತ್ಯುತ್ತಮ ಕಣ್ಣಿಗೂ ಅಲ್ಲಿ ಏನೂ ಕಾಣಿಸದು. ಮತ್ತು ಪರೀಕ್ಷೆ ಮುಗಿದ ಮೇಲೆ ಕೈಗೆ ಸಿಗುವ ವರದಿಯಲ್ಲಿ ಏನಿರಬೇಕೆಂದು ತಿಳಿಯದವನು, ಅದರಲ್ಲಿ ಏನಿಲ್ಲ ಎಂಬುದನ್ನು ಕೇಳಲಾರನು.

ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಷ್ಟು ಈ ಕ್ಯಾನ್ಸರ್ ಇಲ್ಲ ಎಂಬುದು ನಿಜ. ಆದರೆ ನಮ್ಮಲ್ಲಿ ಅದು ಬರುವವರಲ್ಲಿ ಎಳೆಯ ವಯಸ್ಸಿನವರ ಪಾಲು ಹೆಚ್ಚು, ತಡವಾಗಿ ಬರುವವರ ಪಾಲೂ ಹೆಚ್ಚು. ತಡವಾಗಲು ಒಂದು ಕಾರಣ ನಾಚಿಕೆ. ಮಲದಲ್ಲಿ ರಕ್ತ ಕಂಡರೆ ನಾವು ಅದಕ್ಕೆ ಮೊದಲೇ ಹೆಸರಿಟ್ಟುಬಿಡುತ್ತೇವೆ: ಮೂಲವ್ಯಾಧಿ. ಔಷಧ ಅಂಗಡಿಯಿಂದ ಮುಲಾಮು ಬರುತ್ತದೆ, ಯಾರೋ ಹೇಳಿದ ನಾಟಿ ಮದ್ದು ಬರುತ್ತದೆ, ವರ್ಷ ಕಳೆಯುತ್ತದೆ. ಮೂಲವ್ಯಾಧಿ ಇರುವವನಿಗೆ ಪಾಲಿಪ್ ಇರಬಾರದೆಂಬ ನಿಯಮವೇನೂ ಇಲ್ಲ. ಎರಡೂ ಒಟ್ಟಿಗಿರಬಹುದು. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಮನೆಯವರಿಗೂ ಹೇಳದೆ ರಕ್ತಹೀನತೆಯ ಮಾತ್ರೆ ನುಂಗುತ್ತಾ ದಿನ ದೂಡುವ ತಾಯಂದಿರನ್ನು ನಾನು ಕಾಣುತ್ತಲೇ ಇದ್ದೇನೆ. ಪರೀಕ್ಷೆಯ ಕೋಣೆಯಲ್ಲಿ ರೋಗಿಯ ಮೈ ಹೊದಿಕೆಯಿಂದ ಮುಚ್ಚಿಯೇ ಇರುತ್ತದೆ. ಮಹಿಳಾ ವೈದ್ಯೆ ಬೇಕೆಂದು ಮೊದಲೇ ಕೇಳಿಕೊಳ್ಳಬಹುದು. ಕನಿಷ್ಠ ಪಕ್ಷ ಮಹಿಳಾ ದಾದಿಯ ಉಪಸ್ಥಿತಿಯನ್ನು ಕೇಳುವುದು ನಿಮ್ಮ ಹಕ್ಕು.

ಇನ್ನು ಪಾಲಿಪ್‌ನ ವಿಚಾರಕ್ಕೆ ಬರೋಣ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗಬಲ್ಲ ಮುಖ್ಯ ಬಗೆಯ ಹೆಸರು ಅಡಿನೋಮಾ. ಅಡಿನೋಮಾಗಳಲ್ಲಿಯೂ ಹೆಚ್ಚಿನವು ಜೀವನವಿಡೀ ಸಣ್ಣದಾಗಿಯೇ ಉಳಿಯುತ್ತವೆ. ಕೆಲವು ಮಾತ್ರ ಬೆಳೆಯುತ್ತಾ, ಒಳಗಿನ ಜೀವಕೋಶಗಳು ಹಂತಹಂತವಾಗಿ ಕೆಡುತ್ತಾ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಕ್ಯಾನ್ಸರ್ ಆಗುತ್ತವೆ. ಈ ದೀರ್ಘ ಕಾಲಾವಕಾಶವೇ ನಮಗೆ ಸಿಕ್ಕಿರುವ ದೊಡ್ಡ ಅನುಕೂಲ. 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ಶಸ್ತ್ರಚಿಕಿತ್ಸಕರು ಕೊಲೊನೊಸ್ಕೋಪ್‌ನ ಮೂಲಕವೇ ತಂತಿಯ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೆ ಪಾಲಿಪ್ ತೆಗೆದು ತೋರಿಸಿದರು. ಹಾಗೆ ತೆಗೆದರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1993ರಲ್ಲಿ ಉತ್ತರ ಕೊಟ್ಟಿತು: ಅಡಿನೋಮಾ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ ಶೇಕಡಾ 76ರಿಂದ 90ರಷ್ಟು ಕಡಿಮೆಯಾಗಿತ್ತು. ಅದೇ ರೋಗಿಗಳ ದೀರ್ಘಕಾಲದ ಲೆಕ್ಕ 2012ರಲ್ಲಿ ಬಂದಾಗ, ಈ ಕ್ಯಾನ್ಸರ್‌ನಿಂದಾಗುವ ಸಾವು ಶೇಕಡಾ 53ರಷ್ಟು ತಗ್ಗಿದ್ದು ಕಂಡುಬಂತು. ಕಂಡು ತೆಗೆದರೆ ಈ ರೋಗವನ್ನು ತಡೆಯಬಹುದು ಎಂಬುದರಲ್ಲಿ ಸಂಶಯವಿಲ್ಲ. ಪ್ರಶ್ನೆ ಇರುವುದು ಕಾಣುವುದರಲ್ಲಿ.

ಆರೋಗ್ಯವಂತ ಕರುಳಿನ ಒಳಪೊರೆ ತಿಳಿ ಗುಲಾಬಿ ಬಣ್ಣದ್ದು. ತೇವದಿಂದ ಹೊಳೆಯುತ್ತದೆ. ಅದರಡಿಯಲ್ಲಿ ನವುರಾದ ರಕ್ತನಾಳಗಳು ಮರದ ಕೊಂಬೆಗಳಂತೆ ಕವಲೊಡೆದು ಹರಡಿರುವುದು ಸ್ಪಷ್ಟವಾಗಿ ಕಾಣಿಸುತ್ತದೆ. ಅನುಭವಿ ವೈದ್ಯರು ಗಂಟನ್ನು ಹುಡುಕುವುದಕ್ಕಿಂತ ಮೊದಲು ಈ ಕೊಂಬೆಗಳು ಎಲ್ಲಿ ತಟ್ಟನೆ ಕಡಿದುಹೋಗಿವೆ ಎಂಬುದನ್ನು ಹುಡುಕುತ್ತಾರೆ. ಗೋಡೆಯ ಮಡಿಕೆ ಎಲ್ಲಿ ತುಸು ದಪ್ಪವಾಗಿದೆ, ಎಲ್ಲಿ ಬಣ್ಣ ಸ್ವಲ್ಪ ಕೆಂಪಾಗಿದೆ ಅಥವಾ ಬಿಳಿಚಿದೆ, ಎಲ್ಲಿ ಲೋಳೆ ಒಂದೇ ಕಡೆ ಅಂಟಿಕೊಂಡು ಕುಳಿತಿದೆ ಎಂಬುದನ್ನು ಗಮನಿಸುತ್ತಾರೆ. ಅಣಬೆಯಂತೆ ತೊಟ್ಟಿನ ಮೇಲೆ ನಿಂತ ಪಾಲಿಪ್ ಯಾರ ಕಣ್ಣಿಗಾದರೂ ಬೀಳುತ್ತದೆ. ಕಷ್ಟವಿರುವುದು ತೊಟ್ಟಿಲ್ಲದವುಗಳಲ್ಲಿ, ಅದಕ್ಕಿಂತ ಹೆಚ್ಚು ಕಷ್ಟ ಚಪ್ಪಟೆಯಾದವುಗಳಲ್ಲಿ, ಎಲ್ಲಕ್ಕಿಂತ ಕಷ್ಟ, ನಡುವೆ ತಗ್ಗಾಗಿರುವವುಗಳಲ್ಲಿ. ಈ ಆಕಾರಗಳನ್ನು ಜಗತ್ತಿನ ವೈದ್ಯರೆಲ್ಲ ಒಂದೇ ರೀತಿ ಬರೆದಿಡಲೆಂದು 2002ರಲ್ಲಿ ಪ್ಯಾರಿಸ್‌ನಲ್ಲಿ ತಜ್ಞರು ಸೇರಿ ಒಂದು ವರ್ಗೀಕರಣವನ್ನು ರೂಪಿಸಿದರು. ಇಂದಿಗೂ ಅದೇ ಬಳಕೆಯಲ್ಲಿದೆ.

ಚಪ್ಪಟೆ ಮತ್ತು ತಗ್ಗಾದ ಪಾಲಿಪ್‌ಗಳ ಕುರಿತು ಮೊದಲು ಎಚ್ಚರಿಸಿದವರು ಜಪಾನಿನ ವೈದ್ಯರು. ಅದು ಜಪಾನೀಯರ ಕರುಳಿನ ವಿಶೇಷ, ನಮ್ಮಲ್ಲಿ ಅಂಥದ್ದಿಲ್ಲ ಎಂಬ ಭಾವನೆ ಪಶ್ಚಿಮದಲ್ಲಿ ಬಹುಕಾಲ ಇತ್ತು. ಕಾಣಲು ಕಲಿಯದವನಿಗೆ ಅದು ಇಲ್ಲವೆಂದೇ ಅನಿಸುವುದು ಸಹಜ. 2008ರಲ್ಲಿ ಕ್ಯಾಲಿಫೋರ್ನಿಯಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 1,819 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇಕಡಾ 9ಕ್ಕೂ ಹೆಚ್ಚು ಮಂದಿಗೆ ಇಂತಹ ಚಪ್ಪಟೆ ಅಥವಾ ತಗ್ಗಾದ ಗಾಯಗಳಿದ್ದವು. ಎದ್ದುನಿಂತ ಪಾಲಿಪ್‌ಗಳಿಗೆ ಹೋಲಿಸಿದರೆ, ಗಾತ್ರ ಎಷ್ಟೇ ಇರಲಿ, ಇವುಗಳಲ್ಲಿ ಕ್ಯಾನ್ಸರ್ ಇರುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಗಾತ್ರ ಮುಖ್ಯವಲ್ಲವೆಂದು ಇದರ ಅರ್ಥವಲ್ಲ. 5 ಮಿಲಿಮೀಟರ್‌ವರೆಗಿನ ಪಾಲಿಪ್‌ನಲ್ಲಿ ಕ್ಯಾನ್ಸರ್ ಇರುವುದು ಬಹಳ ಅಪರೂಪ. 10 ಮಿಲಿಮೀಟರ್ ದಾಟಿದರೆ ಅದನ್ನು ಮುಂದುವರಿದ ಅಡಿನೋಮಾಗಳ ಸಾಲಿಗೆ ಸೇರಿಸುತ್ತಾರೆ. ಆದರೆ ನಡುವೆ ತಗ್ಗಿರುವ ಸಣ್ಣ ಗಾಯವು ಎದ್ದುನಿಂತ ದೊಡ್ಡದಕ್ಕಿಂತ ಅಪಾಯಕಾರಿಯಾಗಿರಬಹುದು.

ಆಕಾರದ ನಂತರ ಮೇಲ್ಮೈ. ಕರುಳಿನ ಒಳಪೊರೆಯ ತುಂಬ ಸಣ್ಣ ಗ್ರಂಥಿಗಳಿವೆ. ಅವುಗಳ ಬಾಯಿಗಳು ಪೊರೆಯ ಮೇಲೆ ಪುಟ್ಟ ರಂಧ್ರಗಳಾಗಿ ತೆರೆದುಕೊಳ್ಳುತ್ತವೆ. ಮೇಲಿನಿಂದ ಬಾವಿಯ ಬಾಯಿಗಳನ್ನು ನೋಡಿದಂತೆ. ಜಪಾನಿನ ಶಿನ್-ಎಯ್ ಕುಡೊ ಎಂಬ ವೈದ್ಯರು ನೀಲಿ ಬಣ್ಣದ ದ್ರಾವಣವನ್ನು ಚಿಮುಕಿಸಿ, ದೃಶ್ಯವನ್ನು ದೊಡ್ಡದು ಮಾಡುವ ಕೊಲೊನೊಸ್ಕೋಪ್‌ನಿಂದ ಈ ಬಾಯಿಗಳನ್ನು ನೋಡಿ, ತೊಂಬತ್ತರ ದಶಕದಲ್ಲಿ ಅವುಗಳ ವಿನ್ಯಾಸವನ್ನು ವರ್ಗೀಕರಿಸಿದರು. ಬಾಯಿ ದುಂಡಗಿದ್ದರೆ ಅದು ಸಹಜ ಪೊರೆ. ನಕ್ಷತ್ರದಂತಿದ್ದರೆ ಸಾಮಾನ್ಯವಾಗಿ ಕ್ಯಾನ್ಸರ್ ಆಗದ ಬಗೆ. ಉದ್ದನೆಯ ಕೊಳವೆಯಂತೆ ಎಳೆದುಕೊಂಡಿದ್ದರೆ, ಅಥವಾ ಮೆದುಳಿನ ಮಡಿಕೆಗಳಂತೆ ಸುರುಳಿಯಾಗಿ ಕವಲೊಡೆದಿದ್ದರೆ ಅಡಿನೋಮಾ. ವಿನ್ಯಾಸವೇ ಚೆಲ್ಲಾಪಿಲ್ಲಿಯಾಗಿದ್ದರೆ, ಅಥವಾ ಅಳಿಸಿಹೋಗಿ ಬಟ್ಟಬಯಲಾಗಿದ್ದರೆ ಕ್ಯಾನ್ಸರ್ ಎಂದು ಶಂಕಿಸಬೇಕು. ಅಚ್ಚುಕಟ್ಟು ತಪ್ಪಿದಷ್ಟೂ ಅಪಾಯ ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು.

ಬಣ್ಣ ಸಿಂಪಡಿಸುವುದು ಸಮಯ ಹಿಡಿಯುವ ಕೆಲಸ. ಅದಕ್ಕೆ ಬದಲಿಯಾಗಿ, ಈ ಶತಮಾನದ ಮೊದಲ ದಶಕದಲ್ಲಿ ಇನ್ನೊಂದು ಉಪಾಯ ಬಂತು. ಬಿಳಿ ಬೆಳಕಿನಿಂದ ಕೆಂಪನ್ನು ತೆಗೆದುಹಾಕಿ, 415 ಮತ್ತು 540 ನ್ಯಾನೋಮೀಟರ್‌ಗಳ ಸುತ್ತಲಿನ ನೀಲಿ ಹಾಗೂ ಹಸಿರು ಬೆಳಕನ್ನು ಮಾತ್ರ ಬಿಡುವುದು. ರಕ್ತದ ಹಿಮೋಗ್ಲೋಬಿನ್ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಪೊರೆಯ ಮೇಲ್ಭಾಗದ ಸೂಕ್ಷ್ಮ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಒಂದು ಗುಂಡಿ ಒತ್ತಿದರೆ ಸಾಕು, ದೃಶ್ಯ ಬದಲಾಗುತ್ತದೆ. ಈ ಬೆಳಕಿನಲ್ಲಿ ಕಂಡದ್ದನ್ನು ಓದಲು 'ನೈಸ್' ಎಂಬ ಹೆಸರಿನ ಅಂತಾರಾಷ್ಟ್ರೀಯ ವರ್ಗೀಕರಣವಿದೆ. ಅದು ಮೂರೇ ಸಂಗತಿಗಳನ್ನು ನೋಡುತ್ತದೆ: ಬಣ್ಣ, ರಕ್ತನಾಳ, ಮೇಲ್ಮೈ. ಗಂಟಿನ ಬಣ್ಣ ಸುತ್ತಲಿನಂತೆಯೇ ಅಥವಾ ಅದಕ್ಕಿಂತ ತಿಳಿಯಾಗಿದ್ದು, ರಕ್ತನಾಳಗಳು ಹೆಚ್ಚೇನೂ ಕಾಣದಿದ್ದರೆ ಮೊದಲ ಬಗೆ, ಬಹುಶಃ ನಿರುಪದ್ರವಿ. ಸುತ್ತಲಿಗಿಂತ ಕಂದಾಗಿದ್ದು, ಕಂದು ರಕ್ತನಾಳಗಳು ಬಿಳಿಯ ಅಂಡಾಕಾರದ ಅಥವಾ ಕೊಳವೆಯಾಕಾರದ ರಚನೆಗಳನ್ನು ಸುತ್ತುವರಿದಿದ್ದರೆ ಎರಡನೆಯದು, ಅದು ಅಡಿನೋಮಾ. ಕಡುಕಂದಾಗಿ, ಅಲ್ಲಲ್ಲಿ ಬಿಳಿಚಿ, ರಕ್ತನಾಳಗಳು ತುಂಡುತುಂಡಾಗಿ, ಮೇಲ್ಮೈಯ ವಿನ್ಯಾಸವೇ ಇಲ್ಲವಾಗಿದ್ದರೆ ಮೂರನೆಯದು, ಆಳಕ್ಕಿಳಿದ ಕ್ಯಾನ್ಸರ್. ಮೂರನೆಯದನ್ನು ಕುಣಿಕೆ ಹಾಕಿ ತೆಗೆಯಲು ಹೋಗಬಾರದು. ಅದು ಶಸ್ತ್ರಚಿಕಿತ್ಸಕರ ಕೈಗೆ ಹೋಗಬೇಕು. ನೋಟ ಇಲ್ಲಿ ಬರೀ ಹೆಸರಿಡುವ ಕೆಲಸವಲ್ಲ. ಮುಂದಿನ ದಾರಿಯನ್ನೇ ಅದು ನಿರ್ಧರಿಸುತ್ತದೆ.

ಇಷ್ಟು ಸರಳವಾಗಿದ್ದರೆ ನಾನು ಇಲ್ಲಿಗೇ ಮಾತು ಮುಗಿಸಬಹುದಿತ್ತು. ಆದರೆ ಈ ಮೊದಲ ಬಗೆಯಲ್ಲೇ ಒಂದು ವಂಚಕ ಅಡಗಿದೆ. ಅದು ಅಡಿನೋಮಾ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಅದರ ಗ್ರಂಥಿಗಳು ಗರಗಸದ ಹಲ್ಲುಗಳಂತೆ ಕಾಣುವುದರಿಂದ ಇಂತಹವನ್ನು ಗರಗಸದಂಚಿನ ಪಾಲಿಪ್ ಎನ್ನೋಣ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಶೇಕಡಾ 15ರಿಂದ 30ರಷ್ಟು ಈ ದಾರಿಯಿಂದ ಬರುತ್ತವೆಂದು ಲೆಕ್ಕ ಹಾಕಲಾಗಿದೆ. ಅದು ಹೆಚ್ಚಾಗಿ ಕರುಳಿನ ಬಲಭಾಗದಲ್ಲಿ, ಅಂದರೆ ಕೊಲೊನೊಸ್ಕೋಪ್ ಹೋಗುವ ದಾರಿಯ ಕಟ್ಟಕಡೆಯಲ್ಲಿ ಇರುತ್ತದೆ. ಚಪ್ಪಟೆ, ಬಿಳಿಚು, ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯದು. ಮೇಲೆ ಲೋಳೆಯ ಹೊದಿಕೆ ಬೇರೆ. ನೀರು ಹಾಯಿಸಿ ತೊಳೆದರೆ ಮಾತ್ರ ಒಳಗಿರುವುದು ಗೊತ್ತಾಗುತ್ತದೆ. ಮೋಡದಂತೆ ಮಸುಕಾದ ಮೇಲ್ಮೈ, ಅಸ್ಪಷ್ಟ ಅಂಚು, ಅಂಕುಡೊಂಕು ಆಕಾರ, ಗ್ರಂಥಿಯ ಬಾಯಿಗಳಲ್ಲಿ ಕಪ್ಪು ಚುಕ್ಕೆ: ಇವು ಅದರ ಗುರುತುಗಳು. ಮಲ ಪೂರ್ತಿ ಹೋಗದ ಕರುಳಿನಲ್ಲಿ ಇದನ್ನು ಗುರುತಿಸುವುದು ಬಹುಮಟ್ಟಿಗೆ ಅಸಾಧ್ಯ.

ಐವತ್ತು ದಾಟಿದ ವ್ಯಾಪಾರಿಯೊಬ್ಬರು ಒಂದು ದಿನ ಹಳೆಯ ವರದಿಯೊಂದನ್ನು ಹಿಡಿದುಕೊಂಡು ಬಂದರು. ಎರಡು ವರ್ಷ ಹಿಂದೆ, ಬೇರೆ ಊರಿನಲ್ಲಿ ಮಾಡಿಸಿದ ಕೊಲೊನೊಸ್ಕೋಪಿ. ಅದರಲ್ಲಿದ್ದುದು ಒಂದೇ ಸಾಲು, ಎಲ್ಲವೂ ನಾರ್ಮಲ್. ಕರುಳು ಎಷ್ಟು ಸ್ವಚ್ಛವಾಗಿತ್ತು, ಎಲ್ಲಿಯವರೆಗೆ ಹೋಗಲಾಯಿತು, ಎಷ್ಟು ಹೊತ್ತು ನೋಡಲಾಯಿತು, ಒಂದೂ ಇಲ್ಲ. ಒಂದು ಚಿತ್ರವೂ ಇಲ್ಲ. ಭೇದಿಯ ಔಷಧವನ್ನು ಅರ್ಧ ಕುಡಿದು ವಾಂತಿ ಬಂದಂತಾಗಿ ಚೆಲ್ಲಿದೆ, ಯಾರೂ ಕೇಳಲಿಲ್ಲ ಎಂದು ಅವರೇ ಹೇಳಿದರು. ಆ 'ನಾರ್ಮಲ್' ಎಂಬ ಪದವನ್ನು ನಂಬಿ ಅವರು ರಕ್ತಹೀನತೆಯನ್ನು ಎರಡು ವರ್ಷ ಲಕ್ಷಿಸಿರಲಿಲ್ಲ. ಬಲಭಾಗದಲ್ಲಿ ಚಪ್ಪಟೆಯಾಗಿ ಹರಡಿದ್ದ ಗಾಯ ಆ ವೇಳೆಗೆ ಪಾಲಿಪ್ ಆಗಿ ಉಳಿದಿರಲಿಲ್ಲ.

ಬಲತುದಿಯವರೆಗೆ ಹೋಗುವುದು ಎಷ್ಟು ಅಗತ್ಯ ಎಂಬುದಕ್ಕೆ ಲೋಕವೇ ಬಲ್ಲ ಉದಾಹರಣೆಯೊಂದಿದೆ. 1985ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಒಂದು ಸಣ್ಣ ಪಾಲಿಪ್ ತೆಗೆಸಿಕೊಳ್ಳಲೆಂದು ಬೆಥೆಸ್ಡಾದ ನೌಕಾಪಡೆಯ ಆಸ್ಪತ್ರೆಗೆ ಹೋದರು. ಆ ಸಣ್ಣದು ನಿರುಪದ್ರವಿಯಾಗಿತ್ತು. ಆದರೆ ವೈದ್ಯರು ಕೊಲೊನೊಸ್ಕೋಪ್ ಅನ್ನು ಕರುಳಿನ ಬಲತುದಿಯವರೆಗೂ ಒಯ್ದಾಗ ಅಲ್ಲಿ ಇನ್ನೊಂದು ದೊಡ್ಡ ಪಾಲಿಪ್ ಕಂಡಿತು. ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು; ಅದರಲ್ಲಿ ಕ್ಯಾನ್ಸರ್ ಇತ್ತು. ಅವರು ಆ ಬಳಿಕ 2004ರವರೆಗೆ ಬದುಕಿದ್ದರು. ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ತೆಗೆದು ಅರ್ಧ ದಾರಿಯಿಂದ ಹಿಂದಿರುಗಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಒಬ್ಬರೇ ರೋಗಿಗೆ ಒಂದೇ ದಿನ ಬೆನ್ನುಬೆನ್ನಿಗೆ ಎರಡು ಬಾರಿ ಕೊಲೊನೊಸ್ಕೋಪಿ ಮಾಡಿ ನಡೆಸಿದ ಅಧ್ಯಯನಗಳು, ಮೊದಲ ಸಲ ಸುಮಾರು ಕಾಲು ಭಾಗದಷ್ಟು ಅಡಿನೋಮಾಗಳು ಕಣ್ಣು ತಪ್ಪುತ್ತವೆ ಎಂದು ತೋರಿಸಿವೆ. ತಪ್ಪುವವುಗಳಲ್ಲಿ ಹೆಚ್ಚಿನವು ಸಣ್ಣವು ಎಂಬುದೊಂದು ಸಮಾಧಾನ. ಕೊಳವೆಯನ್ನು ಒಳಗೆ ತಳ್ಳುವಾಗಲ್ಲ, ಹೊರಗೆ ಎಳೆದುಕೊಳ್ಳುತ್ತಾ ಬರುವಾಗ ನಿಜವಾದ ನೋಟ ನಡೆಯುತ್ತದೆ. ಆ ಹಿಂದಿರುಗುವ ದಾರಿಗೆ ಕನಿಷ್ಠ 6 ನಿಮಿಷ ಕೊಟ್ಟ ವೈದ್ಯರು ಅವಸರದವರಿಗಿಂತ ಹೆಚ್ಚು ಪಾಲಿಪ್‌ಗಳನ್ನು ಕಂಡರೆಂದು 2006ರ ಅಮೆರಿಕದ ಅಧ್ಯಯನವೊಂದು ತೋರಿಸಿತು. 2024ರ ಅಮೆರಿಕದ ಮಾರ್ಗಸೂಚಿ ಅದನ್ನು ಸರಾಸರಿ 8 ನಿಮಿಷಕ್ಕೆ ಏರಿಸಿದೆ. ವೈದ್ಯರೊಬ್ಬರು ತಪಾಸಣೆ ಮಾಡಿದವರಲ್ಲಿ ಶೇಕಡಾ ಎಷ್ಟು ಮಂದಿಯಲ್ಲಿ ಅಡಿನೋಮಾ ಕಂಡರೆಂಬ ಲೆಕ್ಕವನ್ನೂ ಇಡಲಾಗುತ್ತದೆ. ಆ ಪ್ರಮಾಣ ಒಂದು ಶೇಕಡಾ ಏರಿದರೆ ರೋಗಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಶೇಕಡಾ 3ರಷ್ಟು ಇಳಿಯುತ್ತದೆಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು. ಒಂದು ಬೆಳಗಿನಲ್ಲಿ ಇಪ್ಪತ್ತು ಮೂವತ್ತು ಕೊಲೊನೊಸ್ಕೋಪಿ ಮಾಡುತ್ತೇವೆಂದು ಹೆಮ್ಮೆಪಡುವವರು ಈ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಬೇಕು.

ಯಂತ್ರ ಈ ಕೊರತೆಯನ್ನು ತುಂಬೀತೆಂಬ ಆಸೆ ಈಗ ಬಲವಾಗಿದೆ. ಪಾಲಿಪ್ ಕಂಡಲ್ಲಿ ಪರದೆಯ ಮೇಲೆ ಚೌಕಟ್ಟು ಹಾಕಿ ತೋರಿಸುವ ಕೃತಕ ಬುದ್ಧಿಮತ್ತೆಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ದೊರೆಯಿತು. ಅದು ನೆರವಾಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ 2025ರಲ್ಲಿ ಪೋಲೆಂಡ್‌ನಿಂದ ಬಂದ ಅಧ್ಯಯನವೊಂದು ಯೋಚನೆಗೆ ಹಚ್ಚುತ್ತದೆ. ಈ ಯಂತ್ರ ಬಂದ ಮೇಲೆ, ಅದರ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅಡಿನೋಮಾ ಕಾಣುವ ಪ್ರಮಾಣ ಶೇಕಡಾ 28.4ರಿಂದ 22.4ಕ್ಕೆ ಕುಸಿದಿತ್ತು. ಮತ್ತು ಮಲದಡಿ ಮುಚ್ಚಿಹೋದದ್ದರ ಮೇಲೆ ಯಾವ ಯಂತ್ರವೂ ಚೌಕಟ್ಟು ಹಾಕಲಾರದು.

ಆದ್ದರಿಂದ ಸಿದ್ಧತೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭೇದಿಯ ಔಷಧವನ್ನು ಹಿಂದಿನ ರಾತ್ರಿಯೇ ಪೂರ್ತಿ ಕುಡಿದು ಮುಗಿಸುವ ಹಳೆಯ ಕ್ರಮಕ್ಕಿಂತ, ಅರ್ಧವನ್ನು ರಾತ್ರಿ, ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿಯುವುದು ಉತ್ತಮ. ಬಲಭಾಗದ ಕರುಳು ಸ್ವಚ್ಛವಾಗುವುದು ಈ ಎರಡನೆಯ ಅರ್ಧದಿಂದಲೇ. ಹಿಂದಿನ ದಿನ ಬೀಜವಿರುವ ಹಣ್ಣು, ಸೊಪ್ಪು, ಇಡಿ ಕಾಳು ಬೇಡ. ಕೆಂಪು ಬಣ್ಣದ ಪಾನೀಯ ಬೇಡ, ಅದು ರಕ್ತವೆಂದು ಭ್ರಮೆ ಹುಟ್ಟಿಸುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗುವವರು ಕೆಲವು ದಿನ ಮೊದಲೇ ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಅದು ಮಲವನ್ನು ಕಪ್ಪು ಅಂಟಾಗಿಸುತ್ತದೆ. ಮಧುಮೇಹದ ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮಾತ್ರ ತಮ್ಮಷ್ಟಕ್ಕೆ ಯಾವುದನ್ನೂ ನಿಲ್ಲಿಸಬಾರದು. ಹೊರಬರುವುದು ತಿಳಿ ಹಳದಿ ನೀರಿನಂತಿದ್ದರೆ ಸಿದ್ಧತೆ ಸರಿಯಾಗಿದೆ. ಹಾಗಿಲ್ಲದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ. ಪರೀಕ್ಷೆ ಒಂದು ದಿನ ಮುಂದೆ ಹೋದರೆ ನಷ್ಟವಿಲ್ಲ. ರಮಝಾನ್‌ನಲ್ಲಿ ಮಾಡಿಸಬಹುದೇ ಎಂದು ಹಲವರು ಕೇಳುತ್ತಾರೆ. ಯಾವ ಲಕ್ಷಣವೂ ಇಲ್ಲದೆ ಬರೀ ತಪಾಸಣೆಗೆ ಬರುವವರು ಬೇರೆ ತಿಂಗಳನ್ನು ಆರಿಸಿಕೊಳ್ಳಲಿ. ರಕ್ತ ಹೋಗುತ್ತಿರುವವರು ಯಾವ ಕಾರಣಕ್ಕೂ ಮುಂದೂಡಬಾರದು.

ಕಂಡ ಪಾಲಿಪ್ ಅನ್ನು ಏನು ಮಾಡಿದರು ಎಂಬುದು ಇನ್ನೊಂದು ಪ್ರಶ್ನೆ. ಸಣ್ಣದನ್ನು ವಿದ್ಯುತ್ ಬಳಸದೆ ಕುಣಿಕೆಯಿಂದಲೇ ಪೂರ್ತಿ ಕತ್ತರಿಸಿ ತೆಗೆಯಬಹುದು. ದೊಡ್ಡ ಚಪ್ಪಟೆ ಪಾಲಿಪ್ ಕಂಡು, ಅದನ್ನು ತೆಗೆಯುವ ಪರಿಣತಿ ತಮ್ಮಲ್ಲಿಲ್ಲದಾಗ ಕೆಲವರು ಇರಲಿ ಎಂದು ಅದರಿಂದ ನಾಲ್ಕೈದು ಚೂರು ಕಿತ್ತು ಬಯಾಪ್ಸಿಗೆ ಕಳಿಸುತ್ತಾರೆ. ಇದು ಒಳ್ಳೆಯದಲ್ಲ. ಕಿತ್ತ ಜಾಗದಲ್ಲಿ ಕಲೆ ಕಟ್ಟಿ ಪೊರೆ ಕೆಳಗಿನ ಪದರಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಪರಿಣತರಿಗೂ ಅದನ್ನು ಪೂರ್ತಿಯಾಗಿ ತೆಗೆಯಲು ಕಷ್ಟವಾಗುತ್ತದೆ. ಚಿತ್ರ ತೆಗೆದು, ಮುಟ್ಟದೆ, ಬಲ್ಲವರ ಬಳಿಗೆ ಕಳಿಸುವುದೇ ಲೇಸು. ತೆಗೆದದ್ದು ಪ್ರಯೋಗಾಲಯಕ್ಕೆ ಹೋಗಲೇಬೇಕು. ಅತಿ ಸಣ್ಣವನ್ನು ನೋಟದಿಂದಲೇ ನಿರ್ಧರಿಸಿ ಬಿಸಾಡಬಹುದೆಂಬ ವಾದ ಹೊರದೇಶಗಳಲ್ಲಿದೆ. ತಮ್ಮ ನೋಟ ಎಷ್ಟು ಬಾರಿ ನಿಜವಾಯಿತೆಂದು ಲೆಕ್ಕವಿಟ್ಟ ಪರಿಣತರಿಗೆ ಅದು ಒಪ್ಪಬಹುದು. ಆ ಲೆಕ್ಕವಿಲ್ಲದ ಕಡೆ ಸೂಕ್ಷ್ಮದರ್ಶಕದ ಮಾತೇ ಕೊನೆಯದಾಗಿರಲಿ.

ಸರ್ಕಾರದ ಹೊಣೆಯ ಕುರಿತೂ ಒಂದು ಮಾತು. ಕೇಂದ್ರದ ಸಾಂಕ್ರಾಮಿಕವಲ್ಲದ ರೋಗಗಳ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ. ದೊಡ್ಡ ಕರುಳು ಇಲ್ಲ. ಎಲ್ಲರಿಗೂ ಕೊಲೊನೊಸ್ಕೋಪಿ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಜಪಾನ್ 1992ರಿಂದ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಸರಳ ಪರೀಕ್ಷೆಯನ್ನು ಮೊದಲು ಮಾಡಿ, ರಕ್ತ ಕಂಡವರನ್ನು ಮಾತ್ರ ಕೊಲೊನೊಸ್ಕೋಪಿಗೆ ಕಳಿಸುವ ಕ್ರಮವನ್ನು ನಡೆಸಿಕೊಂಡು ಬಂದಿದೆ. ಅಪಾಯ ಹೆಚ್ಚಿರುವವರಿಗೆ, ಅಂದರೆ ಕುಟುಂಬದಲ್ಲಿ ಈ ರೋಗವಿರುವವರಿಗೆ ಮತ್ತು ರಕ್ತಹೀನತೆಯ ಕಾರಣ ತಿಳಿಯದ ಹಿರಿಯರಿಗೆ ಇದನ್ನಾದರೂ ಜಿಲ್ಲಾ ಮಟ್ಟದಲ್ಲಿ ಒದಗಿಸಬಾರದೇ? ಇಂದು ಈ ಪರೀಕ್ಷೆ ಖಾಸಗಿ ಆಸ್ಪತ್ರೆಗೆ ಹಣ ಕಟ್ಟಬಲ್ಲವರ ಸೊತ್ತಾಗಿದೆ. ಬೀಡಿ ಕಟ್ಟುವ ತಾಯಿಗೆ ಅದರ ಹೆಸರೂ ತಿಳಿದಿಲ್ಲ.

ಕೊನೆಯದಾಗಿ, ವರದಿ ಕೈಗೆ ಬಂದಾಗ ಏನು ನೋಡಬೇಕೆಂದು ಹೇಳಿಬಿಡುತ್ತೇನೆ. ಸ್ವಚ್ಛತೆ ಹೇಗಿತ್ತು, ಬಲತುದಿಯವರೆಗೆ ತಲುಪಿದರೇ, ಅಲ್ಲಿನ ಚಿತ್ರವಿದೆಯೇ, ಪಾಲಿಪ್ ಇದ್ದರೆ ಎಲ್ಲಿ, ಎಷ್ಟು ಮಿಲಿಮೀಟರ್, ಯಾವ ಆಕಾರ, ಪೂರ್ತಿ ತೆಗೆದರೇ. ಇವು ಅದರಲ್ಲಿರಬೇಕು. ಪ್ರಯೋಗಾಲಯದ ವರದಿ ಬಂದ ಮೇಲೆ ಮತ್ತೆ ಯಾವಾಗ ಬರಬೇಕೆಂದು ಬರೆಸಿಕೊಳ್ಳಿ. ಅಮೆರಿಕದ 2020ರ ಮಾರ್ಗಸೂಚಿಯಂತೆ 10 ಮಿಲಿಮೀಟರ್‌ಗಿಂತ ಸಣ್ಣ ಒಂದೆರಡು ಸಾಮಾನ್ಯ ಅಡಿನೋಮಾಗಳಿದ್ದವರು 7ರಿಂದ 10 ವರ್ಷ ಕಾಯಬಹುದು. 10 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡದಿದ್ದವರು 3 ವರ್ಷಕ್ಕೆ, ದೊಡ್ಡದನ್ನು ಚೂರುಚೂರಾಗಿ ತೆಗೆಸಿಕೊಂಡವರು 6 ತಿಂಗಳಿಗೇ ಮರಳಬೇಕು. ಆ ವರದಿಯ ಪ್ರತಿಯೊಂದನ್ನು ನಿಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಬೆಳೆದ ಮಕ್ಕಳಿಗೆ ಕೊಡಿ. ನಿಮಗೆ 60 ತುಂಬುವ ಮೊದಲೇ ಕ್ಯಾನ್ಸರ್ ಅಥವಾ ಮುಂದುವರಿದ ಅಡಿನೋಮಾ ಕಂಡಿದ್ದರೆ, ಅವರು ತಮ್ಮ 40ನೇ ವಯಸ್ಸಿನಲ್ಲಿ, ಅಥವಾ ಅದು ನಿಮ್ಮಲ್ಲಿ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕಾಗುತ್ತದೆ.